ಏರಿ ಕೆಳಗಿನ ಏಡಿಕಾಯಿ

ಆಫೀಸಿನ ಕ್ಯಾಂಟೀನಿನಲ್ಲಿ ಮಂಗಳೂರು ಕಡೆಯವರ ಜೊತೆ ಊಟಕ್ಕೆ ಕೂತರೆ ಈ ಮಾತು ಬಂದೇ ಬರುತ್ತೆ: “ನಿಮ್ಮ ತುಮಕೂರು ಕಡೆಯವರಿಗೆ ಏಡಿ, ಮರುವಾಯಿ ಎಲ್ಲ ಏನು ಗೊತ್ತು ಮಾರಾಯ್ರೆ?” ಮರುವಾಯಿ ಗೊತ್ತಿಲ್ಲ, ಒಪ್ಪಿಕೊಳ್ತೀನಿ. ನಮ್ಮ ಮಧುಗಿರಿಯಿಂದ ಪಡುವಣಕ್ಕೆ ಹೊರಟರೂ ಮೂಡಣಕ್ಕೆ ಹೊರಟರೂ ಸಮುದ್ರ ಸಿಗೋಕೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆ ಇಲ್ಲ. ಆದರೆ ಏಡಿ ಗೊತ್ತಿಲ್ಲ ಅಂದರೆ ನಮ್ಮ ಅಜ್ಜಿಯಂದಿರು ಎದ್ದು ಬಂದು ಬೈತಾರೆ. ಜೀವಂತ ಏಡಿಯನ್ನ ಕೈಯಲ್ಲಿ ಹಿಡಿದು, ಬಿಡಿಸಿ, ತೊಳೆದು, ಕಾಲು ಜಜ್ಜಿ ರಸ ತೆಗೆದು ಮುದ್ದೆಗೆ ಸಾರು ಮಾಡೋ ವಿದ್ಯೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಇತ್ತು. ಇತ್ತು ಅನ್ನೋದಕ್ಕೆ ಒಂದು ಕಾರಣ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ತಕರಾರು. ನಮ್ಮ ಕಡೆಯ ಚರಿತ್ರೆ ಅಂತ ಹುಡುಕಿದರೆ ಸಿಗೋದು ಏನು? ಬಿಜಾಪುರ ಬಿದ್ದ ಮೇಲೆ 1687ರಲ್ಲಿ ಶಿರಾ ಮೊಘಲರ ಸುಬಾ ಆಯ್ತು. 1761ರಲ್ಲಿ ಹೈದರಾಲಿಗೆ ಶಿರಾದ ನವಾಬ ಅನ್ನೋ ಪದವಿ ಸಿಕ್ತು. ಮಧುಗಿರಿ ಬೆಟ್ಟದ ಕೋಟೆ, ಪಾವಗಡದ ಕೋಟೆ, ಯಾರು ಯಾರಿಂದ ಕಿತ್ತುಕೊಂಡರು ಅನ್ನೋ ಪಟ್ಟಿ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಶಿರಾ, ಮಧುಗಿರಿ ಕಡೆ ಸುತ್ತಾಡಿ ಮಣ್ಣು, ಬೆಳೆ, ದನ, ಕಬ್ಬಿಣ ಕರಗಿಸೋ ಒಲೆ ಎಲ್ಲವನ್ನೂ ಬರೆದುಕೊಂಡ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತುಮಕೂರು ಜಿಲ್ಲೆಗೆ 1904ರಲ್ಲಿ ಒಂದು ಇಡೀ ಸಂಪುಟವೇ ಬಂತು. ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿದೆ, ಕಟ್ಟಿದವನಿಗೆ ಬಿಟ್ಟ ಕೊಡಗೆ ಭೂಮಿ ಇದೆ, ಕೆರೆ ರಿಪೇರಿಗೆ ಅಂತ ಬಿಟ್ಟ ಬಿತ್ತುವಟ್ಟ ಇದೆ. ಕಲ್ಲಲ್ಲಿ ಕೆತ್ತಿಸೋಕೆ ದುಡ್ಡಿದ್ದವರು ತಮ್ಮ ವಿಷಯ ಕೆತ್ತಿಸಿದರು. ಗದ್ದೆ ಬದುವಿನ ತೂತಿನ ಬಗ್ಗೆ ಅವರು ಯಾಕೆ ಬರೀತಾರೆ? ಹಾಗಾಗಿ ಆ ತೂತಿನ ಚರಿತ್ರೆಯನ್ನ ಬೇರೆ ಕಡೆ ಓದಬೇಕು. ನನ್ನ ಪ್ರಕಾರ ಅದು ಬರೆದಿರೋದು ಅಡುಗೆಮನೆಯಲ್ಲಿ, ಏಡಿ ಬಿಡಿಸೋ ಕ್ರಮದಲ್ಲೇ.

ಇನ್ನೊಂದು ಮಾತು, ಹೆಸರಿನ ಬಗ್ಗೆ. ನಮ್ಮ ಮನೆಯಲ್ಲಿ ಅದು ಏಡಿಕಾಯಿ. ಮಂಡ್ಯದ ಗೆಳೆಯ ನಳ್ಳಿ ಅಂತಾನೆ. ತೆಲುಗು ಮಾತಾಡೋ ಪಾವಗಡದ ಮನೆಗಳಲ್ಲಿ ಎಂಡ್ರಕಾಯ. ಪಾವಗಡ ಮೂರು ಕಡೆಯಿಂದಲೂ ಆಂಧ್ರ ಸುತ್ತಿಕೊಂಡ ತಾಲ್ಲೂಕು, ಅಲ್ಲಿ ಒಂದೇ ಮನೆಯಲ್ಲಿ ಅತ್ತೆ ಏಡಿ ಅಂದರೆ ಸೊಸೆ ಎಂಡ್ರಿ ಅಂತಾಳೆ, ಸಾರು ಒಂದೇ. ಏಡಿಗೂ ಎಂಡ್ರಿಗೂ ಎರಡರ ಬೆನ್ನಿಗೂ ಯಾಕೆ ‘ಕಾಯಿ’ ಅಂಟಿಕೊಂಡಿದೆಯೋ, ನನಗೆ ಕೇಳೋಕೆ ಅದೇ ಇಷ್ಟ. ಗಿಡದಿಂದ ಕಿತ್ತುಕೊಂಡು ಬಂದ ಹಾಗಿದೆ.

ಈಗ ಕೆರೆಗೆ ಬರೋಣ. ಇದು ಒಣ ಸೀಮೆ. ಮುಂಗಾರು ಇಲ್ಲಿಗೆ ಬರೋ ಹೊತ್ತಿಗೆ ಘಟ್ಟದಲ್ಲೇ ಮುಕ್ಕಾಲು ಖಾಲಿಯಾಗಿರುತ್ತೆ. ನಮಗೆ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹತ್ತು ಹದಿನೈದು ದಿನ ಸುರಿಯೋ ಆ ಮಳೆಯನ್ನ ಹಿಡಿದಿಟ್ಟುಕೊಳ್ಳೋದೇ ಇಲ್ಲಿನ ಸಾವಿರ ವರ್ಷದ ಎಂಜಿನಿಯರಿಂಗ್. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಬೆಂಗಳೂರಿನ ಸ್ಯಾಂಕಿ ಕೆರೆಯ ಅದೇ ಸ್ಯಾಂಕಿ, 1866ರಲ್ಲಿ ಬರೆದಿದ್ದರ ತಾತ್ಪರ್ಯ ಇಷ್ಟು: ಈ ಸೀಮೆಯಲ್ಲಿ ಹೊಸ ಕೆರೆ ಕಟ್ಟೋಕೆ ಖಾಲಿ ಜಾಗ ಹುಡುಕೋದೇ ಕಷ್ಟ, ಅಷ್ಟು ಕೆರೆಗಳನ್ನ ಆಗಲೇ ಕಟ್ಟಿಬಿಟ್ಟಿದ್ದಾರೆ. ಕರ್ನಾಟಕದಲ್ಲಿ ಇವತ್ತಿಗೂ ಲೆಕ್ಕಕ್ಕೆ ಸಿಗೋ ಕೆರೆಗಳು 36 ಸಾವಿರಕ್ಕೂ ಹೆಚ್ಚು. ನಮ್ಮ ಕೊರಟಗೆರೆಯ ಹೆಸರಲ್ಲೇ ಕೆರೆ ಕೂತಿದೆ. ಶಿರಾ ಕಡೆ ಕಳ್ಳಂಬೆಳ್ಳ, ಮದಲೂರು. ಕೊರಟಗೆರೆ ಹತ್ತಿರ ದೇವರಾಯನದುರ್ಗದಿಂದ ಇಳಿದು ಬರೋ ಜಯಮಂಗಲಿಗೆ ಅಡ್ಡ ಕಟ್ಟಿದ ತೀತಾ. ಪಾವಗಡದ ನಾಗಲಮಡಿಕೆ ಹತ್ತಿರ ಉತ್ತರ ಪಿನಾಕಿನಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಸರಪಣಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್.

ಈ ಸರಪಣಿಯಲ್ಲಿ ಯಾರೂ ಬಿತ್ತದ, ಯಾರೂ ಕಂದಾಯ ಕಟ್ಟದ ಒಂದು ಬೆಳೆ ಇತ್ತು. ಅದೇ ಏಡಿ. ತೂಬಿನಿಂದ ನೀರು ಬಿಟ್ಟ ಅಚ್ಚುಕಟ್ಟಿನಲ್ಲಿ, ಭತ್ತದ ಗದ್ದೆಯ ಬದುವಿನಲ್ಲಿ, ಕೋಡಿ ಹಳ್ಳದ ಕಲ್ಲಿನ ಸಂದಿಯಲ್ಲಿ. ನೀರುಗಂಟಿಗೆ ಏಡಿ ಕಂಡರೆ ಆಗ್ತಿರಲಿಲ್ಲ, ಯಾಕಂದರೆ ಅದು ಬದು ಕೊರೆದು ನೀರು ಸೋರಿಸುತ್ತೆ. ಒಬ್ಬರ ಗದ್ದೆ ನೀರು ರಾತ್ರೋರಾತ್ರಿ ಇನ್ನೊಬ್ಬರ ಗದ್ದೆಗೆ ಹೋಗಿ ಬೆಳಿಗ್ಗೆ ಜಗಳ. ಹಾಗಾಗಿ ಏಡಿ ಹಿಡಿಯೋಕೆ ಬರೋ ಹುಡುಗರನ್ನ ಗದ್ದೆ ಯಜಮಾನರು ಬೈದು ಓಡಿಸ್ತಿರಲಿಲ್ಲ. ಮೀನಿಗೆ ಕೆರೆ ಹರಾಜಾಗುತ್ತೆ, ಹುಣಸೆಮರ ಹರಾಜಾಗುತ್ತೆ, ಬದುವಿನ ಏಡಿಯನ್ನ ಹರಾಜು ಹಾಕಿದ್ದನ್ನ ನಾನಂತೂ ಕಾಣೆ. ಹಿಡಿದವರದು.

ದಖನ್ನಿನ ಏಡಿಗೆ ವಿಜ್ಞಾನದ ಹೆಸರು ಬಿದ್ದಿದ್ದೂ ಈ ಬಿಲದಿಂದಲೇ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ವಿಲಿಯಂ ಸೈಕ್ಸ್ ಅನ್ನೋ ಅಧಿಕಾರಿ ದಖನ್ನಿನಲ್ಲಿ ಜನ, ಬೆಳೆ, ಹಕ್ಕಿ ಎಲ್ಲದರ ಲೆಕ್ಕ ತೆಗೆಯುತ್ತಾ ಇಲ್ಲಿನ ಏಡಿಗಳ ಬಗ್ಗೆಯೂ ಬರೆದ. 1836ರಲ್ಲಿ ವೆಸ್ಟ್‌ವುಡ್ ಅನ್ನೋ ಪ್ರಾಣಿಶಾಸ್ತ್ರಜ್ಞ ಅದಕ್ಕೆ ಕುನಿಕ್ಯುಲಾರಿಸ್ ಅಂತ ಹೆಸರಿಟ್ಟ. ಇವತ್ತು ಪುಸ್ತಕದಲ್ಲಿ ಅದು ಬ್ಯಾರಿಟೆಲ್ಫ್ಯೂಸಾ ಕುನಿಕ್ಯುಲಾರಿಸ್. ಮೊಲದ ಹಾಗೆ ಬಿಲ ತೋಡೋದು ಅಂತ ಅರ್ಥ. ನೀರುಗಂಟಿಯ ದೂರನ್ನೇ ಲ್ಯಾಟಿನ್ನಿನಲ್ಲಿ ಬರೆದ ಹಾಗಾಯ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಏಡಿ, ಇಲಿ, ಹುಳ ಇವನ್ನೆಲ್ಲ ‘ಬರಗಾಲದ ಊಟ’ ಅಂತ ಒಂದೇ ಬುಟ್ಟಿಗೆ ಹಾಕಿಬಿಡ್ತಾರೆ. ಏಡಿ ಬರದ ಊಟ ಅಲ್ಲ, ಆಗೋಕೂ ಸಾಧ್ಯ ಇಲ್ಲ. ನೀರು ಬತ್ತಿದರೆ ಅದು ಬಿಲವನ್ನ ಆಳಕ್ಕೆ ತೋಡಿಕೊಂಡು, ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೆ ಕೂತುಬಿಡುತ್ತೆ. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಗಟ್ಟಲೆ ಸತ್ತರಲ್ಲ, ಆಗ ಬದುವಿನಲ್ಲಿ ಏಡಿ ಸಿಗೋ ಪ್ರಶ್ನೆಯೇ ಇರಲಿಲ್ಲ. ಏಡಿ ಒಳ್ಳೆ ಮಳೆ ವರ್ಷದ ಊಟ. ಆದರೆ ಅದು ಬರೋ ತಿಂಗಳು ನೋಡಿ: ಆಗಸ್ಟಿನಿಂದ ಅಕ್ಟೋಬರ್. ಹೊಲದಲ್ಲಿ ರಾಗಿ ಹಸಿರಾಗಿದೆ, ಕೊಯ್ಲು ನವೆಂಬರ್ ಡಿಸೆಂಬರಿಗೆ. ಹೋದ ವರ್ಷದ ರಾಗಿ ವಾಡೆಯ ತಳ ಕಾಣ್ತಿದೆ. ಕೈಯಲ್ಲಿ ಕಾಸಿಲ್ಲ, ಕೂಲಿ ಕಡಿಮೆ. ಊರು ಹಸಿರಾಗಿದ್ದೂ ಹೊಟ್ಟೆ ಖಾಲಿ ಇರೋ ಆ ಎರಡು ಮೂರು ತಿಂಗಳಲ್ಲೇ ಬದುವಿನಲ್ಲಿ ಏಡಿ ಓಡಾಡ್ತಿತ್ತು. ಬಡವರ ಮನೆಗೆ ಆಗ ಸಿಗ್ತಿದ್ದ ಮಾಂಸ ಅದೊಂದೇ. ಇದು ನಾನು ಈ ಬರಹದಲ್ಲಿ ಹೇಳೋಕೆ ಹೊರಟ ಮುಖ್ಯ ವಿಷಯ.

ಹಿಡಿಯೋದು ಗಂಡು ಹುಡುಗರ ಕೆಲಸ, ಬಿಡಿಸೋದು ಹೆಂಗಸರ ಕೆಲಸ. ಹಿಡಿಯೋದರ ಬಗ್ಗೆ ಎಲ್ಲರೂ ಬಡಾಯಿ ಕೊಚ್ತಾರೆ. ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ಹೋಗೋದು, ಕೋಳಿ ಕರುಳನ್ನ ದಾರಕ್ಕೆ ಕಟ್ಟಿ ಬಿಲದ ಬಾಯಿಗೆ ಇಳಿಬಿಡೋದು. ಬಿಡಿಸೋದರ ಬಗ್ಗೆ ಯಾರೂ ಬಡಾಯಿ ಕೊಚ್ಚೋಲ್ಲ. ಅದಕ್ಕೇ ಅದನ್ನ ಸ್ವಲ್ಪ ವಿವರವಾಗಿ ಬರೀತೀನಿ. ಅಜ್ಜಿ, ಅಮ್ಮ ಮಾಡೋದನ್ನ ನೋಡಿ ಕಲಿತಿದ್ದು, ಈಗ ಬೆಂಗಳೂರಿನ ಫ್ಲಾಟಿನಲ್ಲಿ ನಾನೂ ಮಾಡ್ತೀನಿ.

ತಂದ ಏಡಿಯನ್ನ ತಕ್ಷಣ ಕೊಯ್ಯೋ ಹಾಗಿಲ್ಲ. ಅಜ್ಜಿ ಅವನ್ನ ಮಡಕೆಗೆ ಹಾಕಿ, ಒದ್ದೆ ಗೋಣಿ ಮುಚ್ಚಿ, ಮೇಲೆ ಒಂದು ಕಲ್ಲು ಇಡೋರು. ಮುಳುಗೋ ಹಾಗೆ ನೀರು ತುಂಬ್ತಿರಲಿಲ್ಲ, ತಳದಲ್ಲಿ ನಾಲ್ಕು ಬೆರಳು ನೀರು ಅಷ್ಟೇ. ಅದಕ್ಕೆ ಕಾರಣ ಇದೆ. ಈ ಏಡಿ ನೀರಿನಲ್ಲೂ ಉಸಿರಾಡುತ್ತೆ, ಗಾಳಿಯಲ್ಲೂ ಉಸಿರಾಡುತ್ತೆ, ಕಿವಿರು ಒದ್ದೆಯಾಗಿದ್ದರೆ ಸಾಕು. ನಿಂತ ನೀರಲ್ಲಿ ಮುಳುಗಿಸಿಟ್ಟರೆ ಉಸಿರುಕಟ್ಟಿ ಸಾಯುತ್ತೆ. ಆ ನೀರನ್ನ ಎರಡು ಸಲ ಚೆಲ್ಲಿ ಹೊಸದು ಹಾಕೋರು. ಮೊದಲನೇ ನೀರು ಕೆರೆ ಕೆಸರಿನ ಬಣ್ಣ, ಎರಡನೇದು ಪರವಾಗಿಲ್ಲ. ಬೆಳಿಗ್ಗೆ ಮಡಕೆಯಲ್ಲಿ ಸತ್ತಿದ್ದದ್ದನ್ನ ಮುಲಾಜಿಲ್ಲದೆ ತಿಪ್ಪೆಗೆ. ಸತ್ತ ಏಡಿ ಎಷ್ಟು ದೊಡ್ಡದಿದ್ದರೂ ಬೇಡ, ಈ ನಿಯಮಕ್ಕೆ ವಿನಾಯಿತಿ ಇಲ್ಲ. ಸತ್ತ ಕೂಡಲೇ ಅದರ ಒಳಗೆ ಬ್ಯಾಕ್ಟೀರಿಯಾ ಬಲು ಬೇಗ ಬೆಳೆಯುತ್ತೆ. ಸಮುದ್ರದ ಏಡಿಗೂ ಇದೇ ಮಾತು.

ಹಿಡಿಯೋದು ಹಿಂದಿನಿಂದ. ಹೆಬ್ಬೆರಳು ಬೆನ್ನ ಮೇಲೆ, ಉಳಿದ ಬೆರಳು ಹೊಟ್ಟೆ ಕೆಳಗೆ. ಇಕ್ಕಳದಂಥ ಎರಡು ದೊಡ್ಡ ಕೈಗಳು ಅಲ್ಲಿಗೆ ತಲುಪೋಲ್ಲ. ಊರಲ್ಲಿ ಕುದಿಯೋ ನೀರು ಹುಯ್ಯೋರು. ನಾನು ಮಾಡೋದು, ಅರ್ಧ ಗಂಟೆ ಫ್ರೀಜರಿನಲ್ಲಿ ಇಟ್ಟು ಜಡವಾದ ಮೇಲೆ, ಮಗುಚಿ, ಹೊಟ್ಟೆಯ ಮುಚ್ಚಳ ಎತ್ತಿ ಅದರಡಿ ಚಾಕುವಿನ ತುದಿ ಇಳಿಸೋದು. ಬೇಗ ಮುಗಿಯುತ್ತೆ. ನನಗೆ ಅದು ಕುದಿನೀರಿಗಿಂತ ಮೇಲು ಅನ್ಸುತ್ತೆ, ಅಮ್ಮನಿಗೆ ನಗು ಬರುತ್ತೆ.

ಮಗುಚಿದಾಗಲೇ ಗಂಡೋ ಹೆಣ್ಣೋ ಗೊತ್ತಾಗುತ್ತೆ. ಹೊಟ್ಟೆ ಮೇಲೆ ಮಡಚಿಕೊಂಡ ಮುಚ್ಚಳ ಸಣ್ಣಗೆ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಹೆಣ್ಣಿನ ಮುಚ್ಚಳದ ಕೆಳಗೆ ಮಳೆಗಾಲದಲ್ಲಿ ಮೊಟ್ಟೆ ಇರಬಹುದು, ಸಾಸಿವೆ ಕಾಳಿನ ಹಾಗೆ ಮರಿಗಳೂ ಇರಬಹುದು. ಮರಿ ಇದ್ದದ್ದನ್ನ ನಮ್ಮ ಅಜ್ಜಿ ವಾಪಸ್ ಹಳ್ಳಕ್ಕೆ ಬಿಡಿಸೋರು. “ಬಾಣಂತಿನ ಬಿಡ್ರೋ” ಅನ್ನೋರು. ಎಲ್ಲರ ಮನೆಯಲ್ಲೂ ಹಾಗೆ ಮಾಡ್ತಿದ್ದರು ಅಂತ ನಾನು ಹೇಳೋಲ್ಲ. ಹಸಿವು ಜಾಸ್ತಿ ಇದ್ದ ಮನೆಯಲ್ಲಿ ಯಾಕೆ ಬಿಡ್ತಾರೆ.

ಎರಡು ದೊಡ್ಡ ಕೈ, ಎಂಟು ಕಾಲು ತಿರುಚಿ ಬೇರೆ ಮಾಡಿ ಒಂದು ಕಡೆ ಇಟ್ಟುಕೊಳ್ಳಿ. ಹೊಟ್ಟೆಯ ಮುಚ್ಚಳ ಹಿಡಿದು ಎಳೆದರೆ ಅದರ ಜೊತೆ ಕರುಳಿನ ಎಳೆಯೂ ಬರುತ್ತೆ. ಆಮೇಲೆ ಹಿಂಭಾಗದ ಸಂದಿಗೆ ಹೆಬ್ಬೆರಳು ಕೊಟ್ಟು ಬೆನ್ನಿನ ಚಿಪ್ಪನ್ನ ಮುಂದಕ್ಕೆ ಎತ್ತಬೇಕು. ಡಬ್ಬಿ ಮುಚ್ಚಳದ ಹಾಗೆ ಬಿಟ್ಟುಕೊಳ್ಳುತ್ತೆ. ಈಗ ಎರಡೂ ಪಕ್ಕದಲ್ಲಿ ಬೂದು ಬಣ್ಣದ, ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ನಿಂತಿರೋದು ಕಿವಿರು. ಕೆರೆಯ ಕೆಸರೆಲ್ಲ ಸೋಸಿ ಕೂತಿರೋದು ಅಲ್ಲೇ. ಒಂದೂ ಬಿಡದೆ ಕಿತ್ತು ಬಿಸಾಕಬೇಕು. ಕಣ್ಣಿನ ಹಿಂದೆ, ಬಾಯಿಯ ಹತ್ತಿರ ಒಂದು ಸಣ್ಣ ಚೀಲ ಇರುತ್ತೆ, ಅದು ಜಠರ. ಒಡೆದರೆ ಮರಳು, ಕಹಿ. ಅದನ್ನ ಹಾಗೇ ಇಡಿಯಾಗಿ ತೆಗೆಯೋದರಲ್ಲೇ ಕೈಚಳಕ ಗೊತ್ತಾಗೋದು.

ಮಧ್ಯದಲ್ಲಿ ಹಳದಿ ಕೆನೆಯ ಹಾಗೆ ಇರೋದರ ಬಗ್ಗೆ ಎರಡು ಪಕ್ಷ ಇದೆ. ಅದನ್ನ ಏಡಿಯ ಕೊಬ್ಬು ಅಂತ ಚಪ್ಪರಿಸಿ ತಿಂತಿದ್ದರು, ಸಾರಿಗೆ ರುಚಿ ಕೊಡೋದೇ ಅದು ಅನ್ನೋರು. ನಿಜವಾಗಿ ಅದು ಪಿತ್ತಜನಕಾಂಗದ ಕೆಲಸ ಮಾಡೋ ಅಂಗ, ನೀರಿನಲ್ಲಿದ್ದ ವಿಷ, ಲೋಹ ಎಲ್ಲ ಶೇಖರಣೆ ಆಗೋದು ಅಲ್ಲೇ. ಅಜ್ಜಿ ಕಾಲದ ಕೆರೆಗೆ ಅದನ್ನ ಇಟ್ಟುಕೊಳ್ಳೋದು ಸರಿ. ಈಗಿನ ನೀರಿಗೆ ತೆಗೆದು ಬಿಸಾಕೋದು ಸರಿ. ಒಂದೇ ಅಡುಗೆಯಲ್ಲಿ ಎರಡು ತಲೆಮಾರಿನ ನಡುವೆ ಒಂದು ಹಂತ ಬದಲಾಗಿದೆ, ಅದು ಬದಲಾಗಿದ್ದು ಅಡುಗೆಮನೆಯಿಂದ ಅಲ್ಲ.

ಒಡಲನ್ನ ಎರಡು ಹೋಳು ಮಾಡಿ, ಅರಿಶಿನ ಉಪ್ಪು ಹಾಕಿ ಉಜ್ಜಿ, ಹರಿಯೋ ನೀರಲ್ಲಿ ಬೇಗ ತೊಳೆದುಬಿಡಬೇಕು. ಹೋಳು ಮಾಡಿದ ಮೇಲೆ ನೀರಲ್ಲಿ ನೆನೆಹಾಕಿದರೆ ರುಚಿ ಅದರಲ್ಲೇ ಹೋಗುತ್ತೆ. ಇನ್ನು ಸಣ್ಣ ಕಾಲುಗಳು. ಸಮುದ್ರದ ದೊಡ್ಡ ಏಡಿಯಲ್ಲಿ ಕಾಲನ್ನ ಚೀಪಿ ತಿನ್ನಬಹುದು. ನಮ್ಮ ಗದ್ದೆ ಏಡಿಯ ಕಾಲಿನಲ್ಲಿ ಮಾಂಸ ಅನ್ನೋದು ದಾರದಷ್ಟು. ಹಾಗಂತ ಬಿಸಾಕೋಕಾಗುತ್ತಾ? ಒರಳುಕಲ್ಲಿಗೆ ಹಾಕಿ ಜಜ್ಜಿ, ಸ್ವಲ್ಪ ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿ ಸೋಸಿದರೆ ಬೂದು ಬಣ್ಣದ ಹಾಲು ಬರುತ್ತೆ. ಹುರಿದ ಧನಿಯ, ಒಣಮೆಣಸಿನಕಾಯಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಒಂದು ಚೂರು ಕೊಬ್ಬರಿ ರುಬ್ಬಿದ ಖಾರಕ್ಕೆ ಹುಣಸೆಹುಳಿ ಬಿಟ್ಟು ಸಾರು ಕುದಿ ಬಂದಾಗ ಈ ರಸ ಹುಯ್ಯಬೇಕು. ಮೊಟ್ಟೆ ಒಡೆದು ಹಾಕಿದ ಹಾಗೆ ಅದು ನೊರೆಗಟ್ಟಿ ಹೆಪ್ಪಾಗುತ್ತೆ, ಸಾರು ಮಂದವಾಗುತ್ತೆ. ನಾಲ್ಕು ಏಡಿಯಲ್ಲಿ ಎಂಟು ಜನ ಉಣ್ಣೋ ಲೆಕ್ಕ ಅದು. ಮಿಕ್ಸಿಯಲ್ಲೂ ಮಾಡಬಹುದು, ಆದರೆ ಚಿಪ್ಪಿನ ಪುಡಿ ಬಾಯಿಗೆ ಸಿಗದ ಹಾಗೆ ಎರಡು ಸಲ ಸೋಸಿ. ಕಂದು ಬಣ್ಣದ ಚಿಪ್ಪು ಬೆಂದು ಕೆಂಪಗಾಗುತ್ತೆ. ಆ ಕೆಂಪು ಮೊದಲೇ ಚಿಪ್ಪಿನಲ್ಲಿ ಇರುತ್ತೆ, ಪ್ರೋಟೀನು ಹಿಡಿದಿಟ್ಟುಕೊಂಡಿರುತ್ತೆ, ಬಿಸಿಗೆ ಬಿಟ್ಟುಕೊಡುತ್ತೆ. ಬಣ್ಣ ಬಂತು ಅಂತ ಇಳಿಸಬೇಡಿ, ಚೆನ್ನಾಗಿ ಕುದಿಸಿ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹೋಗೋ ಒಂದು ಜಾತಿಯ ಹುಳು ಇರಬಹುದು. ಏಡಿಯನ್ನ ಹಸಿಯಾಗಿ, ಅರೆಬೆಂದ ಹಾಗೆ ತಿನ್ನೋ ಈಶಾನ್ಯ ಭಾರತದ ಕಡೆ, ಮಣಿಪುರ, ಅರುಣಾಚಲದಲ್ಲಿ, ಈ ಕಾಯಿಲೆ ಇದೆ. ಕ್ಷಯ ಅಂದುಕೊಂಡು ತಪ್ಪು ಔಷಧಿ ಕೊಡೋದೂ ಇದೆ. ನಮ್ಮ ಅಜ್ಜಿಯರು ಒಂದು ಗಂಟೆ ಕುದಿಸ್ತಿದ್ದದ್ದು ರುಚಿಗೋ, ಭಯಕ್ಕೋ, ಒಟ್ಟಿನಲ್ಲಿ ಒಳ್ಳೆಯದೇ ಆಯ್ತು.

ನೆಗಡಿಗೆ ಏಡಿ ಸಾರು ಅಂತ ಹೇಳಿ ಎಷ್ಟೋ ಮನೆಗಳಲ್ಲಿ ಮಾಡ್ತಿದ್ದರು. ನನಗೆ ಅನ್ಸೋದು, ಆ ‘ನೆಗಡಿಗೆ’ ಅನ್ನೋದು ಅರ್ಧ ನೆಪ. ಯಾಕಂದರೆ ಏಡಿ ತಿಂತೀವಿ ಅಂತ ಹೇಳಿಕೊಳ್ಳೋದು ನಾಚಿಕೆ ವಿಷಯ ಆಗಿತ್ತು. ಕುರಿ, ಕೋಳಿ ತಿನ್ನೋ ಮನೆಗಳಲ್ಲೂ ಏಡಿ ಒಂದು ಮೆಟ್ಟಿಲು ಕೆಳಗೆ. ಕುರಿ ಹಬ್ಬಕ್ಕೆ, ಕೋಳಿ ನೆಂಟರಿಗೆ, ಏಡಿ ಬಾಗಿಲು ಹಾಕಿಕೊಂಡು. ಯಾರು ಏನು ತಿಂತಾರೆ ಅನ್ನೋದು ನಮ್ಮಲ್ಲಿ ಯಾವತ್ತೂ ಬರೀ ರುಚಿಯ ವಿಷಯ ಅಲ್ಲ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳನ್ನ, 1928ರಿಂದ 35ರ ನಡುವೆ ಬಂದವು, ತಿರುವಿ ನೋಡಿ. ಜಾತಿಗಳ ಪರಿಚಯದ ಜೊತೆಗೇ ಅವರು ಏನು ತಿಂತಾರೆ, ಏನು ತಿನ್ನೋಲ್ಲ, ಯಾರ ಮನೆಯಲ್ಲಿ ಉಣ್ತಾರೆ ಅನ್ನೋ ಲೆಕ್ಕ. ಊಟದ ಪಟ್ಟಿಯೇ ಏಣಿ. ಪುಕ್ಕಟೆ ಸಿಗೋದನ್ನ, ಕೆಸರಿನಿಂದ ತೆಗೆದದ್ದನ್ನ ತಿನ್ನೋರು ಏಣಿಯ ಕೆಳಗೆ. ನಮ್ಮ ಊರಿನಲ್ಲೂ ಏಡಿಯನ್ನ ರಾಜಾರೋಷವಾಗಿ ತಿಂತಿದ್ದದ್ದು ಕೇರಿಯ ಜನ, ಮಿಕ್ಕವರು ಅವರ ಹತ್ತಿರವೇ ಹಿಡಿಸಿಕೊಂಡು, ಕತ್ತಲಲ್ಲಿ ಈಸಿಕೊಂಡು, ಹಗಲಲ್ಲಿ ಮೂಗು ಮುರೀತಿದ್ದರು. ಇದನ್ನ ಬಿಟ್ಟು ಬರೀ ‘ನಮ್ಮ ಹಳ್ಳಿಯ ಸೊಗಡು’ ಅಂತ ಏಡಿ ಸಾರಿನ ಬಗ್ಗೆ ಬರೆದರೆ ಅದು ಸುಳ್ಳು.

ತಮಾಷೆ ಅಂದರೆ ಈ ನಾಚಿಕೆ ಅರಮನೆಯಲ್ಲಿ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ರಾಜನ ಊಟದ ಭಾಗದಲ್ಲಿ ಬಗೆಬಗೆಯ ಮೀನಿನ ಜೊತೆ ಹೊಲದ ಇಲಿಯನ್ನ ಹುರಿಯೋ ವಿಧಾನವೂ ಇದೆ. ಚಕ್ರವರ್ತಿ ಇಲಿ ತಿಂದರೆ ಸಂಸ್ಕೃತ ಶ್ಲೋಕ, ಕೂಲಿಯವನು ಏಡಿ ತಿಂದರೆ ಹೀನಾಯ. ಏಡಿಯನ್ನ ಮನೆಯೊಳಗೆ ಬಿಟ್ಟುಕೊಳ್ಳದವರೂ ಪಂಚಾಂಗದಲ್ಲಿ ಕರ್ಕಾಟಕ ರಾಶಿಗೆ ಈ ವಾರ ಹೇಗಿದೆ ಅಂತ ನೋಡಿಕೊಳ್ತಾರೆ.

ಸಮುದ್ರದ ಚಿಪ್ಪುಜೀವಿ ನಮಗೆ ಪೂರ್ತಿ ಅಪರಿಚಿತ ಅಂತಲೂ ಅಲ್ಲ. ವಾರದ ಸಂತೆಯಲ್ಲಿ ಗೋಣಿ ಹಾಸಿ ರಾಶಿ ಹಾಕಿರೋ ಒಣ ಸೀಗಡಿ ಬರ್ತಿತ್ತು, ಈಗಲೂ ಬರುತ್ತೆ. ವಾಸನೆ ಸಂತೆಯ ಬಾಗಿಲಲ್ಲೇ ಗೊತ್ತಾಗುತ್ತೆ. ಅದನ್ನ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ತಲೆ, ಮೀಸೆ, ಕಾಲು ಎಲ್ಲ ಹೊಟ್ಟಿನ ಹಾಗೆ ಹಾರಿಹೋಗುತ್ತೆ. ರಾಗಿ ಕೇರೋ ಕೈಯೇ ಸೀಗಡಿಯನ್ನೂ ಕೇರ್ತಿತ್ತು. ಕರಾವಳಿಯವರು ಹಸಿ ಎಟ್ಟಿಯ ಬೆನ್ನು ಸೀಳಿ ಕರಿ ನಾರು ತೆಗೀತಾರಲ್ಲ, ಅದು ನಮಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಈಗ ಆ ‘ಇತ್ತು’ ಅನ್ನೋ ಮಾತಿಗೆ ಬರ್ತೀನಿ. ಪಂಚತಂತ್ರದಲ್ಲಿ ಕೊಕ್ಕರೆ ಮತ್ತು ಏಡಿಯ ಕತೆ ಎಲ್ಲರಿಗೂ ಗೊತ್ತು. ಮುದಿ ಕೊಕ್ಕರೆ ಮೀನುಗಳಿಗೆ, ಹನ್ನೆರಡು ವರ್ಷ ಮಳೆ ಇಲ್ಲ, ಕೆರೆ ಬತ್ತುತ್ತೆ, ಬನ್ನಿ ಬೇರೆ ಕೆರೆಗೆ ಬಿಡ್ತೀನಿ ಅಂತ ಹೇಳಿ ಒಂದೊಂದನ್ನೇ ತಿನ್ನುತ್ತೆ. ಕೊನೆಗೆ ಏಡಿ ಅದರ ಕತ್ತು ಕತ್ತರಿಸುತ್ತೆ. ನಮ್ಮ ಕಡೆ ಕೊಕ್ಕರೆಯ ಸುಳ್ಳು ನಿಜ ಆಯ್ತು, ಏಡಿಗೆ ಕತ್ತರಿಸೋಕೆ ಯಾರ ಕತ್ತೂ ಸಿಗಲಿಲ್ಲ. ಮಳೆ ಪೂರ್ತಿ ನಿಂತಿತ್ತು ಅಂತಲ್ಲ. ಬೋರ್‌ವೆಲ್ ಬಂತು. ನೀರು ಕೆರೆಯಿಂದ ಅಲ್ಲ, ನೆಲದಿಂದ ಬರುತ್ತೆ ಅನ್ನೋದಾದ ಮೇಲೆ ತೂಬು, ರಾಜಕಾಲುವೆ, ನೀರುಗಂಟಿ ಯಾರಿಗೆ ಬೇಕು? ಕಾಲುವೆ ಮುಚ್ಚಿತು, ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು, ಅಚ್ಚುಕಟ್ಟಿನ ಗದ್ದೆಗೆ ಅಡಿಕೆ ತೆಂಗು ಬಂತು, ಹೊಲಕ್ಕೆ ಕಡಲೆಕಾಯಿ ಬಂತು. ಬೋರ್ ನೂರು ಅಡಿಯಿಂದ ಸಾವಿರ ಅಡಿಗೆ ಹೋಯ್ತು. ಪಾವಗಡದಲ್ಲಿ ಆಳದ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ಅದೇ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಈಗ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನನ್ನ ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಬಿಸಿಲೇ ಬೆಳೆ.

ನೀರಿದ್ದ ಕಡೆ ಏಡಿಗೆ ಇನ್ನೊಂದು ಶತ್ರು. ಭತ್ತದ ಕಾಂಡ ಕೊರೆಯೋ ಹುಳಕ್ಕೆ ಅಂತ ತರೋ ಫ್ಯೂರಡಾನ್ ಹರಳನ್ನ ಒಂದು ಚಿಟಿಕೆ ಬಿಲಕ್ಕೆ ಹಾಕಿದರೆ ಬದು ಕೊರೆಯೋ ಏಡಿಯ ಕಾಟವೂ ಮುಗೀತು. ಏಡಿಯೂ ಹುಳದ ದೂರದ ದಾಯಾದಿಯೇ. ಹುಳದ ನರ ಕೆಡಿಸೋ ಔಷಧಿ ಅದರ ನರವನ್ನೂ ಕೆಡಿಸುತ್ತೆ. ಹಾಕದೇ ಇದ್ದರೂ ಮೇಲಿನ ಗದ್ದೆಯ ನೀರು ಕೆಳಗೆ ಬಂದೇ ಬರುತ್ತೆ, ಸರಪಣಿ ಅಲ್ವಾ.

ಬೆಂಗಳೂರಿಗೆ ಬಂದ ನಮ್ಮಂಥವರಿಗೆ ಏಡಿ ಈಗ ಆ್ಯಪಿನಲ್ಲಿ ಸಿಗುತ್ತೆ. 2015ರಲ್ಲಿ ಇದೇ ಊರಿನಲ್ಲಿ ಶುರುವಾದ ಲಿಷಿಯಸ್ ಥರದ ಕಂಪನಿಗಳು ಬಂದ ಮೇಲೆ ಮಾಂಸ ಮೀನು ಹೋಳಾಗಿ, ತೊಳೆದು, ಡಬ್ಬಿಯಲ್ಲಿ ಮನೆಗೆ ಬರ್ತಿದೆ. ಅನುಕೂಲ ಅಂತ ನಾನೂ ತರಿಸ್ತೀನಿ. ಆದರೆ ಕ್ಲೀನ್ ಆಗಿ ಬಂದ ಏಡಿಯಲ್ಲಿ ಬದುಕಿತ್ತೋ ಇಲ್ಲವೋ, ಗಂಡೋ ಹೆಣ್ಣೋ, ಹೊಟ್ಟೆ ಕೆಳಗೆ ಮರಿ ಇತ್ತೋ, ಕಿವಿರಿನಲ್ಲಿ ಎಷ್ಟು ಕೆಸರಿತ್ತೋ, ಒಂದೂ ಗೊತ್ತಾಗೋಲ್ಲ. ಜಜ್ಜಬೇಕಾದ ಕಾಲು ಅರ್ಧ ಬಂದೇ ಇರೋಲ್ಲ. ಜೀವಂತ ಬೇಕು ಅಂದರೆ ರಸೆಲ್ ಮಾರ್ಕೆಟ್ಟಿಗೆ ಬೆಳಿಗ್ಗೆಯೇ ಹೋಗಬೇಕು, ಅದೂ ಸಮುದ್ರದ್ದು, ಹಿನ್ನೀರಿನದ್ದು. ಮೇಲೆ ಹೇಳಿದ ಕ್ರಮವೆಲ್ಲ ಅದಕ್ಕೂ ಆಗುತ್ತೆ. ಸಾರಿನ ರುಚಿ ಬೇರೆ.

2020ರ ಶಿರಾ ಉಪಚುನಾವಣೆ ನೆನಪಿರಬಹುದು, ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸ್ತೀವಿ ಅನ್ನೋದೇ ಆಗ ದೊಡ್ಡ ಭರವಸೆ. ಒಂದು ಕೆರೆಯ ಮೇಲೆ ಒಂದು ಎಲೆಕ್ಷನ್. 2022ರಲ್ಲಂತೂ ಮಳೆ ಯಾರ ಭರವಸೆಯನ್ನೂ ಕಾಯಲಿಲ್ಲ, ಜಯಮಂಗಲಿ ದಂಡೆ ಮೀರಿ ಹರಿದಳು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಿಗೆ ಪ್ರತಿ ವರ್ಷ ಗೂಡು ಕಟ್ಟೋಕೆ ಬರೋ ಬಣ್ಣದ ಕೊಕ್ಕರೆಗಳು ಸುತ್ತಮುತ್ತಲಿನ ಕೆರೆಗಳನ್ನೇ ನಂಬಿಕೊಂಡಿವೆ. ಹಕ್ಕಿಗೆ ರೆಕ್ಕೆ ಇದೆ, ನೀರು ಬಂದ ವರ್ಷ ಹಾರಿ ಬರುತ್ತೆ. ಮೀನಿನ ಮರಿಯನ್ನ ಇಲಾಖೆಯವರು ತಂದು ಬಿಡ್ತಾರೆ. ಏಡಿಯ ವಿಷಯ ಹಾಗಲ್ಲ. ಸಮುದ್ರದ ಏಡಿಯ ಮರಿ ಹುಟ್ಟಿದ ಕೂಡಲೇ ಕಣ್ಣಿಗೆ ಕಾಣದಷ್ಟು ಸಣ್ಣ ರೂಪದಲ್ಲಿ ನೀರಿನ ಜೊತೆ ತೇಲಿ ಎಲ್ಲೆಲ್ಲೋ ಹೋಗುತ್ತೆ. ಸಿಹಿನೀರಿನ ಏಡಿಗೆ ಆ ಹಂತವೇ ಇಲ್ಲ. ಮೊಟ್ಟೆಯಿಂದ ನೇರ ಪುಟ್ಟ ಏಡಿಯಾಗಿ ಹೊರಬಂದು, ತಾಯಿಯ ಹೊಟ್ಟೆ ಮುಚ್ಚಳದ ಕೆಳಗೇ ಕೆಲವು ದಿನ ಇದ್ದು, ಇಳಿದು ನಡೆದುಕೊಂಡು ಹೋಗಬೇಕು. ಇಪ್ಪತ್ತು ವರ್ಷ ಒಣಗಿದ್ದ ಕೆರೆಗೆ ಅದು ಮತ್ತೆ ಬರಬೇಕಾದರೆ ಮೇಲೆ ಎಲ್ಲೋ ಒಂದು ಹಳ್ಳದ ಬಿಲದಲ್ಲಿ ಒಂದು ತಾಯಿ ಉಳಿದಿರಬೇಕು, ಕೋಡಿ ಹರಿಯಬೇಕು, ನಡುವಿನ ಕಾಲುವೆ ತೆರೆದಿರಬೇಕು.

ಆ ವರ್ಷ ಅಕ್ಟೋಬರಿನಲ್ಲಿ ಊರಿನಿಂದ ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ಕೋಡಿ ಹಳ್ಳದ ಕಲ್ಲಿನ ಮೇಲೆ ಅಂಗೈ ಅಗಲದ ಏಡಿ, ಕಂದು ಬೆನ್ನು. “ಹಿಡ್ದೆ ಕಣಣ್ಣ, ಒಂದೇ ಸಿಕ್ಕಿದ್ದು” ಅಂತ ಬರೆದಿದ್ದ. ಮಗುಚಿ ಒಂದು ಫೋಟೋ ಕಳಿಸು ಅಂದೆ. ಕಳಿಸಿದ. ಮುಚ್ಚಳ ಅಗಲವಾಗಿತ್ತು, ಅಂಚಿನಲ್ಲಿ ಸಾಸಿವೆಯಷ್ಟು ದಪ್ಪ ಏನೋ ಅಂಟಿಕೊಂಡಿತ್ತು. ಅದನ್ನ ಅಮ್ಮನಿಗೆ ತೋರಿಸಿದೆ. ಅಮ್ಮ ಫೋನ್ ಇಸ್ಕೊಂಡು ಅವನಿಗೇ ಕಾಲ್ ಮಾಡಿದರು.